ನೀಲಿ ದಾರದ ಡಬ್ಬಿ

ಜಮಖಂಡಿ
12 ಫೆಬ್ರುವರಿ 1987

ಬನಹಟ್ಟಿ ಟಾಕೀಜಿನ ಆಪರೇಟರ್ ಶ್ರೀಮಾನ್ ಸಾತಪ್ಪನವರಿಗೆ,

ಕೃಷ್ಣೆಯ ಎರಡೂ ದಂಡೆಗಳ ಸಮಸ್ತ ನಾಗರಿಕರಿಗೆ, ಜಮಖಂಡಿ–ಮುಧೋಳ ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡುವವರಿಗೆ, ಹಾಗೂ ಆಕಾಶದಲ್ಲಿ ಯಾರಾದರೂ ವಾಸವಾಗಿದ್ದರೆ ಅವರಿಗೂ ಈ ಮೂಲಕ ಘೋಷಿಸುವುದೇನೆಂದರೆ: ನಾನು ಒಂದು ದಿಂಬು ಹೊಲಿಸಿದ್ದೇನೆ.

ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಒಳಗೆ ಹೊಸ ಅರಳೆ, ಮೇಲೆ ಕಂದು ಬಣ್ಣದ ಗಟ್ಟಿ ಬಟ್ಟೆ. ಹಗಲು ಕಚೇರಿಯಲ್ಲಿ ಕಾರಕೂನನಾಗಿ, ಉಳಿದ ಹೊತ್ತು ‘ಹೊಳೆದಂಡೆ’ ವಾರಪತ್ರಿಕೆಯ ಸಿನಿಮಾ ಅಂಕಣಕಾರನಾಗಿ ಹದಿನೆಂಟು ವರ್ಷ ಸವೆಸಿದ ಈ ದೇಹಕ್ಕೂ ನಿಮ್ಮ ಟಾಕೀಜಿನ ತಿಗಣಿಗಳಿಗೂ ನಡುವೆ ಒಂದು ಗಡಿ ಬೇಕೆಂದು ಬಹಳ ದಿನಗಳಿಂದ ಬೇಡಿಕೆಯಿತ್ತು. ಬೇಡಿಕೆ ಧರ್ಮಪತ್ನಿ ಶುಭದಾಳದು. ಈಡೇರಿಸಿದ್ದು ಈಗ.

ಕಳೆದ ಭಾನುವಾರ ಮಾರ್ನಿಂಗ್ ಶೋಗೆ ಆ ದಿಂಬಿನ ಸಮೇತ ಬಂದಿದ್ದೆ. ಪೋಸ್ಟರಿನಲ್ಲಿ ‘ಆಕಾಶಕೋಟೆ’ ಎಂದಿರುವ ಇಂಗ್ಲಿಷ್ ಚಿತ್ರದ ಮೂರನೆಯ ಭಾಗ. ಮೊದಲೆರಡು ಭಾಗ ನೋಡಿದವನು ಮೂರನೆಯದನ್ನು ಬಿಟ್ಟರೆ ಹೇಗೆ? ಟಿಕೆಟ್ ಕಿಟಕಿಯಲ್ಲಿ ಬಾಯಿ ತಾನಾಗಿಯೇ “ಎರಡು” ಎಂದಿತು. ಬಾಗಿಲು ಕಾಯುವವನು, “ಇನ್ನೊಬ್ಬರು ಎಲ್ಲೆದಾರ್ರೀ?” ಎಂದ. ದಿಂಬು ತೋರಿಸಿದೆ. ಪಕ್ಕದ ಕುರ್ಚಿಯಲ್ಲಿ ಅದನ್ನು ಕೂರಿಸಿ, ನಾನು ತಿಗಣಿಗಳ ಜೊತೆಗೇ ಕೂತೆ. ಸಿನಿಮಾ ಮುಗಿದಾಗ ಅದನ್ನು ಅಲ್ಲಿಯೇ ಮರೆತು ಎದ್ದು ಬಂದೆ.

ಮೆಟ್ಟಿಲು ಹತ್ತಿ ನಿನ್ನ ಮಷಿನ್ ಖೋಲಿಗೆ ಬರಲಿಲ್ಲ. ಯಾಕೆಂದು ಇಬ್ಬರಿಗೂ ಗೊತ್ತು. ಶ್ರಾವಣದಲ್ಲಿ ಶುಭದಾ ಹೋದ ದಿನ ಗುರುತಿಲ್ಲದವರೂ ಬಂದರು. ಯಾವನೋ ಒಬ್ಬ ಆಕೆಯ ಸೋದರಮಾವನನ್ನು, ಅದೇ ಮಿರಜಿನ ಮಾಮಾನನ್ನು, ತೆಕ್ಕೆ ಹಾಯ್ದು ಅತ್ತು, ಅವರ ಕೋಟಿನ ಭುಜ ತೊಯಿಸಿ ಹೋದನಂತೆ. “ಯಾರೋ ಅಂವಾ?” ಎಂದು ಮಾಮಾ ಇವತ್ತಿಗೂ ಕೇಳುತ್ತಾರೆ. ಅಂಥ ಅಪರಿಚಿತನೂ ಬಂದ. ಜಮಖಂಡಿ ಹೈಸ್ಕೂಲಿನಲ್ಲಿ ಆರು ವರ್ಷ ಒಂದೇ ಬಾಕಿನ ಮೇಲೆ ಕೂತವನು, ಹತ್ತು ಮೈಲಿನಾಚೆ ಇದ್ದವನು, ಬರಲಿಲ್ಲ. ಇರಲಿ.

ಈ ವಾರದ ಅಂಕಣದ ಕತ್ತರಿಕೆ ಲಕೋಟೆಯಲ್ಲಿದೆ. ಓದಿಕೊ. ದಿಂಬನ್ನು ಯಾರ ಕೈಲಾದರೂ ಕಳಿಸು.

ಇಂತು,
ಗುರುರಾಜ

(ಕತ್ತರಿಕೆ)

‘ಆಕಾಶಕೋಟೆ–3’: ಗುಣ, ದೋಷ ಮತ್ತು ಒಂದು ಆಶ್ಚರ್ಯ

ಮೊದಲು ದೋಷ, ಏಕೆಂದರೆ ಅವು ಹೆಚ್ಚು. ಮೊದಲನೆಯ ಭಾಗದಲ್ಲಿ ಒಂದು ಚಂದ್ರ ಸಿಡಿಯಿತು, ಎರಡನೆಯದರಲ್ಲಿ ಎರಡು, ಇದರಲ್ಲಿ ಮೂರು. ಹೀಗೇ ಮುಂದುವರಿದರೆ ಆರನೆಯ ಭಾಗದ ಹೊತ್ತಿಗೆ ನಮ್ಮ ಹುಣ್ಣಿಮೆಗೂ ಭದ್ರತೆ ಇಲ್ಲ. ಗಾಳಿಯಿಲ್ಲದ ಜಾಗದಲ್ಲಿ ಸದ್ದು ಹೇಗೆ ಕೇಳುತ್ತದೆ ಎಂದು ವಿಜ್ಞಾನದ ಶಿಕ್ಷಕಿಯೊಬ್ಬರು ಮೊದಲ ಭಾಗದಲ್ಲೇ ಗಟ್ಟಿಯಾಗಿ ಕೇಳಿದ್ದರು. ನಿರ್ಮಾಪಕರು ಇನ್ನೂ ಉತ್ತರಿಸಿಲ್ಲ. ಖಳನಾಯಕ ಹನ್ನೆರಡು ಲೋಕ ಆಳುತ್ತಾನೆ, ಆದರೆ ಅವನ ಇಡೀ ಅರಮನೆಯಲ್ಲಿ ಒಂದು ಒಲೆ ಕಾಣಲಿಲ್ಲ. ಒಂಟಿ ಗಾಲಿಯ ಯಂತ್ರಮಾನವ ಮೊದಲ ಭಾಗದಲ್ಲಿ ಮುದ್ದಾಗಿದ್ದ, ಈಗ ಲಗ್ನದ ಮನೆಯ ಲೌಡ್‌ಸ್ಪೀಕರ್ ಆಗಿದ್ದಾನೆ.

ಗುಣಗಳು: ಈ ಹಡಗು ಬಳಸಿದ ಹಡಗು. ಗೋಡೆಗೆ ತೇಪೆ, ಕೀಲಿಗೆ ಎಣ್ಣೆ, ತಂತಿಗೆ ಗಂಟು. ಆಕಾಶದಲ್ಲಿ ತೇಲುವ ಪಾವರ್‌ಲೂಮ್ ಶೆಡ್ಡು. ಕ್ಯಾಪ್ಟನ್ನನ ಮಗಳಾಗಿ ನಟಿಸಿದ ಹುಡುಗಿ ಕಡಿಮೆ ಮಾತಾಡುತ್ತಾಳೆ.

ಇನ್ನು ಆಶ್ಚರ್ಯ. ಮುದಿ ಕ್ಯಾಪ್ಟನ್ ಸಾಯುತ್ತಾನೆ. ಶವವನ್ನು ಶೂನ್ಯಕ್ಕೆ ಬಿಡುತ್ತಾರೆ. ಮರುಕ್ಷಣ ಅವನೇ ಒಲೆಯ ಮುಂದೆ ಕೂತು ಗಂಜಿ ತಿರುವುತ್ತಿದ್ದಾನೆ! ‘ದೀಪ ಯಾಕೆ ಆರಿಸಲಿಲ್ಲ’ ಎಂದು ಮಗಳನ್ನು ಗದರಿಸುತ್ತಾನೆ. ಚುಕ್ಕಾಣಿ ಹಿಡಿಯುವುದನ್ನು ಕಲಿಸುತ್ತಾನೆ. ಆಕೆಗೆ ಆಶ್ಚರ್ಯವೇ ಇಲ್ಲ. ಆಮೇಲೆ ಅವನಿಲ್ಲ, ಆಕೆ ಒಬ್ಬಳೇ ಹಡಗು ನಡೆಸುತ್ತಾಳೆ. ಯಾವ ವಿವರಣೆಯೂ ಇಲ್ಲ. ಹೋದವರು ಹೀಗೆಯೇ ಬರುತ್ತಾರೆಂದು ಈ ನಿರ್ದೇಶಕನಿಗೆ ಯಾರು ಹೇಳಿದರು? ಮೂರು ಚಂದ್ರ ಸಿಡಿಸಿದ ಅಪರಾಧವನ್ನು ಈ ಒಂದು ಧೈರ್ಯಕ್ಕಾಗಿ ಕ್ಷಮಿಸಿದ್ದೇನೆ.

*

ಬನಹಟ್ಟಿ
24-2-87

ಗುರ್ಯಾ,

ನಿನ್ನ ಪತ್ರ ಮುಟ್ಟಿತು. ದಿಂಬು ನನ್ನ ಕಡಿ ಐತಿ, ಕಾಳಜಿ ಬ್ಯಾಡ. ಮಷಿನ್ ಖೋಲ್ಯಾಗ ಇಟ್ಟೇನಿ. ನಾ ಆ ದಿನದ ಬಗ್ಗೆ ಏನೂ ಹೇಳಾಂಗಿಲ್ಲ. ಹೇಳಾಕ ಬಾಯಿ ಇಲ್ಲ.

ಆದ್ರ ನಿನ್ನ ಲೇಖನದ ಬಗ್ಗೆ ಹೇಳಲೇಬೇಕು. ಆ ಧೈರ್ಯ ಡೈರೆಕ್ಟರಂದಲ್ಲ. ನಂದು. ಧೈರ್ಯನೂ ಅಲ್ಲ, ತಪ್ಪು.

ಹುಬ್ಬಳ್ಳಿಯಿಂದ ಬರೂ ರೀಲಿನ ಡಬ್ಬಿ ಮ್ಯಾಲ ಹತ್ತು ಸಿನಿಮಾದ ನಂಬರು ಗೀಚಿರ್ತಾರ, ಯಾವದು ಖರೆ ತಿಳಿಯಾಂಗಿಲ್ಲ. ಅದಕ್ಕ ಪೆಟ್ಟಿಗಿ ಬಂದ ದಿನ ನಾ ಒಂದೊಂದು ಡಬ್ಬಿಗೆ ಒಂದೊಂದು ಬಣ್ಣದ ಸೀರಿ ದಾರ ಕಟ್ಟತೀನಿ. ನೇಕಾರನ ಮಗ, ನನಗ ಅಂಕಿಗಿಂತ ಬಣ್ಣ ಬೇಗ ತಿಳೀತಾವು. ಕೆಂಪು, ಹಳದಿ, ಬಿಳಿ, ಹಸಿರು, ನೀಲಿ, ಕರಿ. ಆರ ಡಬ್ಬಿ. ಆ ದಿನ ಹಸಿರಿಗಿಂತ ಮೊದಲ ನೀಲಿ ಏರಿಸಿಬಿಟ್ಟೆ. ನಾಕನೇದಕ್ಕಿಂತ ಮೊದಲ ಐದನೇದು ಓಡ್ತು. ಮುದುಕ ಸಾಯೂದು ಐದರಾಗ. ಗಂಜಿ ತಿರುವೂದು ನಾಕರಾಗ. ಇಷ್ಟ ಕಥಿ. ಇಂಗ್ಲಿಷ್ ಸಿನಿಮಾ, ಯಾರಿಗೂ ತಿಳೀಲಿಲ್ಲ, ನಿನಗೂ ತಿಳೀಲಿಲ್ಲ.

ಮುಂದಿನ ಐತವಾರ ಸರಿಯಾಗಿ ಹಾಕಿದೆ. ನಿನ್ನ ಲೇಖನ ಓದಿದ ಮಂದಿ ತೇರದಾಳ, ಮಹಾಲಿಂಗಪುರದಿಂದ ಬಂದು ತುಂಬಿದ್ರು. ಮುದುಕ ಸತ್ತ, ತಿರುಗಿ ಬರಲಿಲ್ಲ. ಸುರು ಆತು ನೋಡು ಕುರ್ಚಿ ಬಡಿಯೂದು! “ಏ ಆಪರೇಟರ್, ಕ್ಯಾಪ್ಟನ್ ಎಲ್ಲಿ ಹ್ವಾದ? ರೀಲ ಕತ್ತರಿಸಿ ಇಟಗೊಂಡಿಯೇನಲೇ?” ಮಾಲಕರು ಶಂಕರೆಪ್ಪ ಸಾವಕಾರ್ರು ನಿನ್ನ ಪೇಪರ್ ಹಿಡಕೊಂಡು ಮ್ಯಾಲ ಹತ್ತಿ ಬಂದ್ರು. “ಪೇಪರ್‌ನಾಗ ಬಂದದ್ದು ತೋರಸಲೇ ಸಾತ್ಯಾ. ಅವರೇನು ಸುಳ್ಳ ಬರೀತಾರ?”

ಮೊನ್ನಿ ಐತವಾರ ಬೇಕಂತ ತಪ್ಪ ಹಾಕಿದೆ. ಮಂದಿ ಅತ್ರು, ಸೀಟಿ ಹೊಡದ್ರು. ಗುರ್ಯಾ, ತಿಳದು ತಪ್ಪ ಮಾಡೂದು ಭಾಳ ತ್ರಾಸಿನ ಕೆಲಸ.

ಒಂದ ಬೇಡ್ಕೊಳ್ಳತೀನಿ. ಇದನ್ನ ಪೇಪರ್‌ನಾಗ ಹಾಕಬ್ಯಾಡ. ಮೊದಲನೇ ದಿನ ನನ್ನ ಕೈಯಾಗ ತಪ್ಪಾತು ಅಂತ ಸಾವಕಾರ್ರಿಗೆ ಗೊತ್ತಾದ್ರ ನನ್ನ ನೌಕರಿ ಹೋತು. ಕರೆಪ್ಪ ಅಂತ ಒಬ್ಬಾಂವ ಲೈಸೆನ್ಸ್ ತಗೊಂಡು ಕಾಯಾಕತ್ತಾನ. ನನಗ ಈ ಮಷಿನ್ ಬಿಟ್ರ ಬ್ಯಾರೆ ಏನೂ ಬರಾಂಗಿಲ್ಲ.

ಸಾತಪ್ಪ

*

ಜಮಖಂಡಿ
2 ಮಾರ್ಚ್ 1987

ಸಾತಪ್ಪ,

ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ನನ್ನ ಮಾನದ ನೆನಪಾಗಿ ನಿಲ್ಲಿಸಿದೆ. ಹದಿನೆಂಟು ವರ್ಷ ಗುಣದೋಷ ತೂಗಿದ ತಕ್ಕಡಿ ಕೊನೆಗೆ ಹೊಗಳಿದ್ದು ಒಬ್ಬ ಆಪರೇಟರನ ಎಡವಟ್ಟನ್ನು! ಅಂದಹಾಗೆ ಪತ್ರದಲ್ಲಿ ಯಾಕೆ ಅಷ್ಟು ದೊಡ್ಡ ಅಕ್ಷರ? ಚುನಾವಣೆಗೆ ಗೋಡೆ ಬರೆಯುವ ಗುತ್ತಿಗೆ ಹಿಡಿದಿದ್ದೀಯಾ? ಸಾಲು ಬೇರೆ ಇಳಿಜಾರಿನಲ್ಲಿ ಹೊರಟಿದೆ.

ನಂಬಿಕೆ ಬರದೆ, ನಿನ್ನೆ ಕೊಲ್ಲಾಪುರಕ್ಕೆ ಹೋಗಿ ಅದೇ ಚಿತ್ರವನ್ನು ಅಲ್ಲಿನ ಥಿಯೇಟರಿನಲ್ಲಿ ಸರಿಯಾದ ಕ್ರಮದಲ್ಲಿ ನೋಡಿದೆ. ದಿಂಬಿಲ್ಲದೆ. ಈಗ ಶಾಸ್ತ್ರೋಕ್ತ ವಿಮರ್ಶೆ ಕೇಳು. ಮುದುಕ ಗಂಜಿ ತಿರುವುತ್ತಾನೆ, ಆಗಲೇ ನನಗೆ ಗೊತ್ತಾಗುತ್ತದೆ, ಇಷ್ಟು ಪ್ರೀತಿಯಿಂದ ಗದರಿಸುವವನನ್ನು ಇವರು ಉಳಿಸುವುದಿಲ್ಲ ಅಂತ. ಉಳಿಸುವುದಿಲ್ಲ. ನಲವತ್ತು ಪಿಟೀಲು ಒಟ್ಟಿಗೆ ಅಳುತ್ತವೆ. ಮಗಳು ಕಣ್ಣೊರೆಸಿಕೊಂಡು ಹಡಗು ನಡೆಸುತ್ತಾಳೆ. ಒಂದು ದೋಷ ಹಿಡಿಯಲಾಗದ ಕಟ್ಟಡ. ಎಲ್ಲ ಗುಣಗಳೂ ಅವವುಗಳ ಜಾಗದಲ್ಲಿವೆ. ನನ್ನ ಪಕ್ಕದವನು ಚಕ್ಕುಲಿ ತಿಂದ. ನಾನು ಗಡಿಯಾರ ನೋಡಿದೆ.

ಸರಿಯಾದ ಕ್ರಮದಲ್ಲಿ ಸತ್ತವರು ಸತ್ತೇ ಹೋಗುತ್ತಾರೆ, ಸಾತಪ್ಪ. ಅಷ್ಟೇ ಆ ಸಿನಿಮಾದ ದೋಷ.

ಆದರೂ ಓದುಗರಿಗೆ ಸುಳ್ಳು ಹೇಳಿದ್ದೇನೆ. ಹನ್ನೊಂದನೆಯ ತಾರೀಖಿನ ಬುಧವಾರದ ಸಂಚಿಕೆಗೆ ತಿದ್ದುಪಡಿ ಬರೆದಿಟ್ಟಿದ್ದೇನೆ, ಆಪರೇಟರನ ಹೆಸರು ಸಮೇತ. ಅಚ್ಚಿನ ಮೊಳೆ ಜೋಡಿಸುವುದೊಂದು ಬಾಕಿ. ಸಿಟ್ಟಿನಲ್ಲಿ ಬರೆದೆ, ಯಾವ ಸಿಟ್ಟು ಎಂದು ನಿನಗೆ ಗೊತ್ತು. ತಡೆಯಬೇಕೆಂದರೆ ಒಂದು ಕಾರಣ ಕೊಡು. ಮೂವತ್ತು ವರ್ಷದಲ್ಲಿ ಒಂದು ರೀಲು ತಪ್ಪದವನು ಈಗ ಹೇಗೆ ತಪ್ಪಿದೆ? ಕುಡಿಯಲು ಕಲಿತೆಯಾ? ನಿದ್ದೆ ಹೋದೆಯಾ? ಅಥವಾ ಕೆಳಗೆ ಕೂತವನು ನಾನೆಂದು ಗೊತ್ತಾಗಿ ಕೈ ತಪ್ಪಿತೇ?

ಗುರುರಾಜ

*

ಬನಹಟ್ಟಿ
7-3-87

ಗುರ್ಯಾ,

ಕುಡದಿಲ್ಲ. ನಿದ್ದಿ ಮಾಡಿಲ್ಲ. ಕೆಳಗ ಕೂತಾಂವ ನೀ ಅಂತ ನನಗ ಗೊತ್ತಾಗಿಲ್ಲ. ಗೊತ್ತಾಗಾಕ ಕಾಣಬೇಕಲ್ಲ.

ನೀಲಿ ನನ್ನ ಕಣ್ಣಾಗಿಂದ ಹೋಗೇತಿ. ಹಸಿರು, ನೀಲಿ ಎರಡೂ ಕೆರಿ ನೀರಿನ ಬಣ್ಣ ಕಾಣತಾವು. ಬರಬರತ ಎಲ್ಲಾದರ ಮ್ಯಾಲ ಗಂಜಿ ಬಳದಾಂಗ ಆಗೇತಿ. ಒಂದೂವರಿ ವರ್ಷಾತು. ಪಡದೆ ಮ್ಯಾಲ ಚಿತ್ರ ಮಸಕ ಐತೋ, ನನ್ನ ಕಣ್ಣು ಮಸಕ ಐತೋ ತಿಳಿಯಾಂಗಿಲ್ಲ, ಮಂದಿ ಕೂಗಿದ್ರ ಲೆನ್ಸ್ ತಿರುಗಸ್ತೀನಿ, ಸುಮ್ಮಗಾದ್ರ ಬಿಡ್ತೀನಿ. ಹಿಂಗ ನಡದೈತಿ ನನ್ನ ಆಪರೇಟರಗಿರಿ. ಮನ್ಯಾಗ ಕೈಹಿಡದ ಲಗಮವ್ವಗ ಸುದ್ದಾ ಹೇಳಿಲ್ಲ.

ಇನ್ನ ಆ ದಿನದ ಮಾತು. ಹೇಳಾಂಗಿಲ್ಲ ಅಂದಿದ್ದೆ, ಹೇಳತೀನಿ.

ನಾ ಬಂದಿದ್ದೆ.

ಸುದ್ದಿ ತಿಳದ ಕೂಡಲೇ ಮೊದಲನೇ ಬಸ್ಸಿಗೆ ಬಂದೆ. ನಿಮ್ಮ ಅಂಗಳದಾಗ ಎಲ್ಲಾರೂ ಬಿಳಿ ಧೋತ್ರ, ಎಲ್ಲಾರೂ ಎತ್ತರ, ಎಲ್ಲಾರೂ ತಲಿ ತಗ್ಗಿಸಿ ನಿಂತವರ. ಯಾರು ನೀ ಅಂತ ತಿಳೀಲಿಲ್ಲ. ಕೇಳಾಕ ನಾಚಿಕಿ ಬಂತು. “ಗುರ್ಯಾ ಯಾರ್ರೀ?” ಅಂತ ನಾ ಕೇಳೂದೇನು, ನಾ! ಕಂಬದ ಹತ್ರ ನಿಂತಾಂವ ನೀನ ಅಂದ್ಕೊಂಡು ತೆಕ್ಕಿ ಹಾದು ಅತ್ತೆ. “ವೈನಿ ಹಿಂಗ ಹೋಗಬಾರದಾಗಿತ್ತು” ಅಂದೆ. ಬೆನ್ನ ಸವರಿದೆ. ಆಗ ಕೈಗೆ ಕೋಟು ಹತ್ತಿತು. ನೀ ಜನ್ಮದಾಗ ಕೋಟು ಹಾಕಿದಾಂವ ಅಲ್ಲ. ಅಲ್ಲಿಂದ ಓಡಿದೆ, ಬಸ್‌ಸ್ಟ್ಯಾಂಡಿನ ತನಕ ನಿಂತಿಲ್ಲ.

ಆಮ್ಯಾಲ ಯಾವ ಮಾರಿ ಹೊತ್ತು ಬರಲಿ?

ನಿನ್ನ ತಿದ್ದುಪಡಿ ನೀ ಹಾಕ. ಬರದದ್ದು ಸುಳ್ಳಾಗಬಾರದು, ಅದು ನಿನ್ನ ಧರ್ಮ. ದಿಂಬು ಬಂದು ಒಯ್ಯಿ.

ಸಾತಪ್ಪ

*

ಜಮಖಂಡಿ
12 ಮಾರ್ಚ್ 1987

ಸಾತ್ಯಾ,

ನಿನ್ನ ಪತ್ರ ಸೋಮವಾರ ಬಂತು. ಎರಡು ದಿನ ಬರೆಯಲು ಕೂತು ಎದ್ದೆ. ಏಳು ತಿಂಗಳು ನಾನು ಸಿಟ್ಟಾಗಿದ್ದವನ ಕಣ್ಣೀರು ಅಷ್ಟೂ ದಿನ ಮಿರಜಿನ ಮಾಮಾನ ಕೋಟಿನಲ್ಲಿತ್ತು. ನನಗೆ ಬರಬೇಕಾದದ್ದು ಅವರಿಗೆ ಬಟವಾಡೆಯಾಗಿತ್ತು. ಅಷ್ಟೇ.

ನಿನ್ನೆಯ ಸಂಚಿಕೆಯಲ್ಲಿ ಹಳೆಯ ತಿದ್ದುಪಡಿ ಬರಲಿಲ್ಲ. ಹೊಸದು ಬಂದಿದೆ. ಇಷ್ಟೇ ಇದೆ: “‘ಆಕಾಶಕೋಟೆ–3’ರ ವಿಮರ್ಶೆಯಲ್ಲಿ ಸತ್ತ ಕ್ಯಾಪ್ಟನ್ ಮರಳಿ ಬರುವುದಕ್ಕಾಗಿ ನಿರ್ದೇಶಕರನ್ನು ಹೊಗಳಲಾಗಿತ್ತು. ಅವರು ಆ ಹೊಗಳಿಕೆಗೆ ಅರ್ಹರಲ್ಲ. ಹಿಂದಕ್ಕೆ ಪಡೆಯಲಾಗಿದೆ.” ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೊಗಳಿಕೆ ಯಾರಿಗೆ ಸಲ್ಲಬೇಕೆಂದು ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ.

ಈಗ ನೀನು ಮಾಡಬೇಕಾದದ್ದು. ಬಣ್ಣ ಬಿಡು, ಗಂಟು ಹಾಕು. ಒಂದನೆಯ ಡಬ್ಬಿಯ ದಾರಕ್ಕೆ ಒಂದು ಗಂಟು, ಆರನೆಯದಕ್ಕೆ ಆರು. ಹರಿದ ಎಳೆಯನ್ನು ನೋಡದೆಯೇ ಗಂಟು ಹಾಕುವ ಮನೆತನ ನಿನ್ನದು. ಬೆರಳಿಗೆ ಮೋತಿಬಿಂದು ಬರುವುದಿಲ್ಲ. ಹೌದು, ನಿನಗೆ ಆಗಿರುವುದು ಅದೇ, ಕಣ್ಣಿನ ಪೊರೆ. ನಮ್ಮ ಕಚೇರಿಯ ಕಾರಕೂನರೆಲ್ಲ ಸೇರಿ ರೋಗನಿರ್ಣಯ ಮಾಡಿದ್ದೇವೆ, ನಾಲ್ಕು ಜನರ ಅಪ್ಪಂದಿರಿಗೆ ಹೀಗೇ ಇತ್ತು, ನಾಲ್ವರೂ ಈಗ ಪೇಪರ್ ಓದುತ್ತಾರೆ. ತೆಗೆಸಬಹುದು.

ತೆಗೆಸುವುದು ಮಿರಜಿನಲ್ಲಿ. ಮಾಮಾನಿಗೆ ಟ್ರಂಕ್‌ಕಾಲ್ ಮಾಡಿ ಎಲ್ಲ ಹೇಳಿದೆ. “ಅರೇ, ಅಂವಾ ನಿನ್ನ ದೋಸ್ತ ಏನೋ? ಭಾಳ ಛಲೋ ಅತ್ತ ಬಿಡು. ಆ ದಿನ ನನ್ನ ಯಾರೂ ಸಮಾಧಾನ ಮಾಡಿರಲಿಲ್ಲ, ಎಲ್ಲಾರೂ ನಿನ್ನ ಸುತ್ತ ಇದ್ರಿ. ಕಳಿಸು, ನಮ್ಮ ಮನ್ಯಾಗ ಇರಲಿ” ಎಂದರು.

ಆದರೆ ಸಾವಕಾರ್ರಿಗೆ ನೀನೇ ಹೇಳಬೇಕು. ಕರೆಪ್ಪ ಹೇಳುವ ಮೊದಲು, ಮತ್ತೊಂದು ರೀಲು ತಪ್ಪುವ ಮೊದಲು. ನೌಕರಿ ಹೋಗಬಹುದು. ಕಣ್ಣೇ ಹೋದರೆ ನೌಕರಿಯೂ ಹೋಗುತ್ತದೆ. ಇದೂ ಸೇರಿ ಇನ್ನು ಮುಂದೆ ಎಲ್ಲ ಇನ್‌ಲ್ಯಾಂಡ್ ಪತ್ರದಲ್ಲಿಯೇ ಬರೆಯುತ್ತೇನೆ. ಲಕೋಟೆಯಲ್ಲಿ ಕತ್ತರಿಕೆ ಕಳಿಸುವ ಚಟ ಬಿಟ್ಟೆ.

ನಿನ್ನ,
ಗುರ್ಯಾ

*

ಮಿರಜ
22-4-87

ಗುರ್ಯಾ,

ನಡುವ ಬರೀಲಿಲ್ಲ, ಕಣ್ಣಿಗೆ ಪಟ್ಟಿ ಇತ್ತು. ನಿನ್ನ ಹಿಂದಿನ ಪತ್ರ ಜೇಬಿನಾಗ ಇಟ್ಟಕೊಂಡ ಬಂದಿದ್ದೆ. ನಿನ್ನೆ ಪಟ್ಟಿ ಬಿಚ್ಚಿ ಸ್ವಾಡಾ ಬಾಟ್ಲಿ ತಳದಂಥಾ ಚಾಳೀಸು ಏರಿಸಿದ್ರು. “ಏನರ ನೋಡ್ರಿ” ಅಂದ್ರು ಡಾಕ್ಟರು. ಜೇಬಿನಾಗಿಂದ ನಿನ್ನ ಇನ್‌ಲ್ಯಾಂಡ್ ತಗದೆ.

ಲೇ, ಇದು ಇಷ್ಟ ನೀಲಿ ಇರತೈತೇನೋ? ಅಕ್ಷರ ಓದಲಿಲ್ಲ. ಬರೀ ಕಾಗದ ನೋಡ್ಕೋತ ಕೂತೆ. ನರ್ಸಬಾಯಿ, “ಮನ್ಯಾಗ ಏನರ ಕೆಟ್ಟ ಸುದ್ದಿ ಏನ್ರೀ?” ಅಂತ ಕೇಳಿದಳು.

ನಿನ್ನ ಮಾತಿನಂತ ಗಂಟು ಹಾಕಿದೆ, ಒಂದೂ ತಪ್ಪಲಿಲ್ಲ. ಹೊರಡೂ ಮೊದಲ ಶಂಕರೆಪ್ಪ ಸಾವಕಾರ್ರಿಗೆ ಹೇಳಿದೆ. ಕಣ್ಣಿಂದೂ ಹೇಳಿದೆ, ಮೊದಲನೇ ದಿನದ ತಪ್ಪಿಂದೂ ಹೇಳಿದೆ. “ಅಂದ್ರ ಮುದುಕ ತಿರುಗಿ ಬರೂ ಕಥಿ ಅಮೇರಿಕಾದ್ದಲ್ಲ?” ಅಂದ್ರು. ಅಲ್ರೀ ಅಂದೆ. “ನಮ್ಮ ಟಾಕೀಜಿಂದೇನಲೇ!” ಅಂತ ಎದ್ದ ನಿಂತು ನಕ್ರು. ಆಮ್ಯಾಲ ಸಿಟ್ಟ ನೆನಪಾಗಿ ಬೈದ್ರು, ಒಂದೂವರಿ ವರ್ಷ ಮುಚ್ಚಿಟ್ಟಿದ್ದಕ್ಕ. “ಬೆಂಕಿ ಹತ್ತೂ ಖೋಲಿ ಅದು. ಕಾಣದಾಂವ ಅಲ್ಲಿ ಇರಬಾರದು. ಒಂದ ತಿಂಗಳ ಕರೆಪ್ಪ ನಡಸಲಿ. ನೀ ಕಂಡ ಮ್ಯಾಲ ಬಾ.” ನೌಕರಿ ಉಳೀತು. ಕರೆಪ್ಪಗ ದಾರದ ಬಣ್ಣದ ಲೆಕ್ಕ ಹೇಳಿಕೊಟ್ಟ ಬಂದೇನಿ.

ಮೇ ಮೂರಕ್ಕ ಆ ಸಿನಿಮಾ ಮತ್ತ ತರಿಸ್ಯಾರ. ಮಹಾಲಿಂಗಪುರದವ್ರು ಬಿಡವಲ್ರಂತ. ನಾ ಇಪ್ಪತ್ತೊಂಬತ್ತಕ್ಕ ಊರು ಮುಟ್ಟತೀನಿ. ಖೋಲಿ ಏರಾಕ ಇನ್ನೂ ಹದಿನೈದು ದಿನ ಬ್ಯಾಡಂದಾರ ಡಾಕ್ಟರು.

ಮಾಮಾ ದಿನಾ ಮುಂಜಾನಿ ಚಹಾ ತಂದ ಕೊಡತಾರ. ಇವತ್ತ ಎದುರಿಗೆ ನಿಂತು, “ಈಗ ಬರೋಬ್ಬರಿ ನೋಡ್ಕೊ, ಇದು ನಾನು, ಗುರುರಾಜ ಅಲ್ಲ” ಅಂದ್ರು. ವೈನಿಯ ಫೋಟೋ ಅವರ ಗ್ವಾಡಿ ಮ್ಯಾಲ ಐತಿ. ಸೀರಿ ನೀಲಿ.

ಸಾತಪ್ಪ

*

ಜಮಖಂಡಿ
27 ಏಪ್ರಿಲ್ 1987

ಸಾತ್ಯಾ,

ಈ ಪತ್ರ ನಿನಗಿಂತ ಮೊದಲು ಬನಹಟ್ಟಿ ಮುಟ್ಟಲೆಂದು ಇವತ್ತೇ ಹಾಕುತ್ತಿದ್ದೇನೆ.

ಆ ಸೀರೆ ಶುಭದಾ ರಬಕವಿಯಲ್ಲಿ ಕೊಂಡದ್ದು. ನೀನೇ ಮಗ್ಗದವನ ಮನೆ ತೋರಿಸಿದ್ದೆ. “ಬಣ್ಣ ಹೋಗತೈತೇನ್ರೀ?” ಎಂದು ಆಕೆ ಮೂರು ಸಲ ಕೇಳಿದ್ದಳು. ಹೋಗಿಲ್ಲವೆಂದು ತಿಳಿದು ಸಂತೋಷವಾಯಿತು.

ಮೇ ಮೂರರಂದು ಬರುತ್ತೇನೆ. ವಿಮರ್ಶಕನಾಗಿ ಅಲ್ಲ; ಗುಣ ದೋಷ ಎರಡೂ ಬರೆದಾಗಿದೆ, ಎರಡೂ ತಪ್ಪಾಗಿವೆ. ಕಿಟಕಿಯಲ್ಲಿ ಈ ಸಲವೂ “ಎರಡು” ಎನ್ನುತ್ತೇನೆ, ಬಾಯಿ ಜಾರಿ ಅಲ್ಲ. ನೀನು ಮೂವತ್ತು ವರ್ಷ ಸಿನಿಮಾ ತೋರಿಸಿದ್ದೀಯೇ ಹೊರತು ಕೆಳಗೆ ಕೂತು ಒಂದನ್ನೂ ನೋಡಿಲ್ಲ. ಮಷಿನ್ ಕರೆಪ್ಪನಿಗಿರಲಿ. ನೀನು ನನ್ನ ಪಕ್ಕ ಕೂಡು. ಮೂರು ಚಂದ್ರ ಸಿಡಿಯುವಾಗ ‘ಗಾಳಿ ಇಲ್ಲದ ಕಡೆ ಸದ್ದು ಹ್ಯಾಂಗ’ ಎಂದು ಶುಭದಾಳ ಹಾಗೆ ಗಟ್ಟಿಯಾಗಿ ಕೇಳಲು ಯಾರಾದರೂ ಬೇಕಲ್ಲ. ಒಬ್ಬನೇ ಕೇಳಿದರೆ ಹುಚ್ಚ ಎನ್ನುತ್ತಾರೆ, ಇಬ್ಬರಾದರೆ ಪ್ರೇಕ್ಷಕರು.

ಒಂದೆರಡು ಸಣ್ಣ ಕೆಲಸ. ಆ ದಿನ ದಿಂಬನ್ನು ಕೆಳಗೆ ತರಿಸಿಕೊಂಡಾಗ ಬಿಸಿಲಿಗೆ ಹಿಡಿದು ನಾಲ್ಕು ಏಟು ಹೊಡೆ. ಅದು ನಿನಗೆ, ತಿಗಣಿಗಳ ಪರಿಚಯ ನಿನಗಿಲ್ಲ. ಮತ್ತೆ, ಕರೆಪ್ಪ ದಾರ ನೋಡಿ ರೀಲು ಏರಿಸುವವನಾದ್ದರಿಂದ, ಶನಿವಾರ ಸಾವಕಾರ್ರನ್ನು ಒಂದು ಮಾತು ಕೇಳಿ, ಡಬ್ಬಿಗಳನ್ನು ಕೆಳಗೆ ತರಿಸಿಕೊಂಡು, ನಾಲ್ಕನೆಯದರ ಹಸಿರು ಬಿಚ್ಚಿ ಐದನೆಯದಕ್ಕೆ ಕಟ್ಟು, ಐದನೆಯದರ ನೀಲಿ ನಾಲ್ಕನೆಯದಕ್ಕೆ.

ನಿನ್ನ,
ಗುರ್ಯಾ